ಮುಚ್ಚಿದ ಬಾಗಿಲಿನೊಳಗೆ ಬಂದ ಶಾಂತಿ

ಪಾಸ್ಖ ಹಬ್ಬದ ಮರುವಾರದ ಭಾನುವಾರದಂದು ನಮ್ಮ ದೇವಾಲಯಗಳಲ್ಲಿ ವರ್ಷವರ್ಷವೂ ತಪ್ಪದೆ ಓದಲಾಗುವ ಶುಭಸಂದೇಶದ ಭಾಗವೊಂದಿದೆ. ಪ್ರೇಷಿತರು ಹೊರಗಿನವರ ಭಯದಿಂದ ಬಾಗಿಲು ಮುಚ್ಚಿಕೊಂಡು ಒಂದೆಡೆ ಕುಳಿತಿರುತ್ತಾರೆ. ಪುನರುತ್ಥಾನರಾದ ಯೇಸುಸ್ವಾಮಿ ಅವರ ನಡುವೆ ಬಂದು ನಿಂತು ಶಾಂತಿಯನ್ನು ಕೋರುತ್ತಾರೆ. ಆಮೇಲೆ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಬಾಲ್ಯದಿಂದಲೂ ಕೇಳಿ ಕೇಳಿ ನಮಗೆ ಕಂಠಪಾಠವಾಗಿರುವ ಪ್ರಸಂಗವಿದು. ಆದರೆ 2020ರ ಏಪ್ರಿಲ್ 19ರಂದು ಗುರುಗಳು ಇದನ್ನು ಓದಿದಾಗ ಅದನ್ನು ಕೇಳಲು ದೇವಾಲಯದ ಬೆಂಚುಗಳಲ್ಲಿ ಯಾರೂ ಇರಲಿಲ್ಲ. ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ, ಅಗುಳಿ ಹಾಕಿದ ಬಾಗಿಲುಗಳ ಹಿಂದೆ, ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಕುಳಿತಿದ್ದೆವು. ಆ ಶುಭಸಂದೇಶ ಅಂದು ಮೊದಲ ಬಾರಿಗೆ ನಮ್ಮ ಕುರಿತೇ ಬರೆದಂತೆ ಕೇಳಿಸಿತು.

ಆ ದಿನಗಳನ್ನು ಒಮ್ಮೆ ಕ್ರಮವಾಗಿ ನೆನೆದುಕೊಳ್ಳುವುದು ಒಳ್ಳೆಯದು; ಏಕೆಂದರೆ ಮರೆವು ನಮ್ಮಲ್ಲಿ ಬಹು ಬೇಗ ಬೆಳೆಯುತ್ತಿದೆ. 2020ರ ಮಾರ್ಚ್ ತಿಂಗಳಲ್ಲಿ ಈ ರೋಗದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ. ಮಾರ್ಚ್ 24ರ ರಾತ್ರಿ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಅದರ ಮೊದಲ ದಿನ ಮಾರ್ಚ್ 25. ಗಬ್ರಿಯೇಲ ದೂತನು ಮಾತೆ ಮರಿಯಳಿಗೆ ಮಂಗಳವಾರ್ತೆಯನ್ನು ಸಾರಿದ ಹಬ್ಬದ ದಿನ. ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೇಶದ ಜನ ಮನೆಯ ದೀಪಗಳನ್ನಾರಿಸಿ ಹಣತೆ ಹಚ್ಚಿದರು. ಅದು ಗರಿಗಳ ಭಾನುವಾರ. ಆ ವರ್ಷ ನಮಗೆ ದೇವಾಲಯದಿಂದ ಗರಿಗಳಿಲ್ಲ. ತೆಂಗಿನ ಮರವಿದ್ದ ಮನೆಗಳವರು ತಾವೇ ಗರಿ ಸೀಳಿ ಶಿಲುಬೆ ಕಟ್ಟಿ ಬಾಗಿಲಿಗೆ ಸಿಕ್ಕಿಸಿಕೊಂಡರು. ಉಳಿದವರು ಹಿಂದಿನ ವರ್ಷದ ಒಣಗಿದ ಗರಿಯನ್ನೇ ಮತ್ತೊಂದು ವರ್ಷ ಉಳಿಸಿಕೊಂಡರು. ಪಾದ ತೊಳೆಯುವ ಗುರುವಾರ ಪಾದಗಳಿಲ್ಲದೆ, ಶಿಲುಬೆಯ ಹಾದಿ ಹಾದಿಯಿಲ್ಲದೆ ಕಳೆಯಿತು.

ಆಗ ನಮ್ಮ ಕಿವಿಗೆ ಬಿದ್ದ ಉಪದೇಶಗಳು ಅಷ್ಟಿಷ್ಟಲ್ಲ. ದೇವರು ನಮಗೆ ಮೌನವನ್ನು ದಯಪಾಲಿಸಿದ್ದಾರೆ, ಕುಟುಂಬ ಜಪಸರಕ್ಕೆ ಅವಕಾಶ ಒದಗಿದೆ, ಅಂತರ್ಮುಖರಾಗಲು ಇದು ಸುಸಮಯ ಎಂದು ಹಲವರು ಹೇಳಿದರು. ನಾವೂ ಈ ಅಂಕಣದಲ್ಲಿ ಅದೇ ಧಾಟಿಯಲ್ಲಿ ಬರೆದೆವು. ಆ ಬರಹಗಳನ್ನು ಈಗ ತೆಗೆದು ಓದಿದರೆ ನಮಗೆ ಸಂಕೋಚವಾಗುತ್ತದೆ. ಊರಿಗೆ ಮರಳಲು ಹೆದ್ದಾರಿಯುದ್ದಕ್ಕೂ ಬಿಸಿಲಿನಲ್ಲಿ ನಡೆಯುತ್ತಿದ್ದ ಕೂಲಿಕಾರರಿಗೆ ಅಂತರ್ಮುಖತೆಯ ಸುಸಮಯ ಎಲ್ಲಿಂದ ಬರಬೇಕು? ಒಂದೇ ಕೋಣೆಯ ಮನೆಯಲ್ಲಿ ಆರು ಜನ, ಕೆಲಸ ಕಳೆದುಕೊಂಡ ತಂದೆ, ಪಾಠ ಕೇಳಲು ಒಂದೇ ಫೋನಿಗೆ ಮೂವರು ಮಕ್ಕಳ ಪೈಪೋಟಿ ಇರುವೆಡೆ ಮೌನವೆಂಬುದು ಯಾವ ಅಂಗಡಿಯಲ್ಲೂ ಸಿಗದ ಸರಕು. ಅಂತರಂಗದ ಶಾಂತಿಯ ಮಾತು ಹೊಟ್ಟೆ ತುಂಬಿದವರ ಮಾತು ಎಂದು ಆಗ ನಮಗೆ ಪತ್ರ ಬರೆದ ಓದುಗರೊಬ್ಬರ ಆಕ್ಷೇಪದಲ್ಲಿ ಅರ್ಧ ಸತ್ಯವಿತ್ತು ಎಂದು ಇಂದು ಒಪ್ಪಿಕೊಳ್ಳುತ್ತೇವೆ. ಉಳಿದರ್ಧದ ಕುರಿತೇ ಈ ವಾರದ ನಮ್ಮ ಮಾತು.

ಮಹಾಮಾರಿಗಳು ನಮ್ಮ ಸಮುದಾಯಕ್ಕೆ ಹೊಸವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಿನ ಕಥೆಗಳನ್ನು, ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಬಗೆಯನ್ನು ನಮ್ಮ ಅಜ್ಜಿಯಂದಿರು ತಮ್ಮ ಹಿರಿಯರಿಂದ ಕೇಳಿ ನಮಗೆ ದಾಟಿಸಿದ್ದಾರೆ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಗುರು ಆಗಸ್ಟಸ್ ಮುಲ್ಲರ್ ಅವರು ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿ, ಮುಂದೆ ಪ್ಲೇಗು ಬಂದಾಗ ಅದರ ರೋಗಿಗಳಿಗೂ ಆಸ್ಪತ್ರೆ ತೆರೆದರು. ಅಂಥ ಕಾಲದಲ್ಲಿ ನಮ್ಮವರು ಮೊರೆಹೊಕ್ಕದ್ದು ಸಂತ ಸೆಬಾಸ್ತಿಯನ್ನರನ್ನು ಮತ್ತು ಸಂತ ರೋಕ್ಕರನ್ನು. ರೋಕ್ಕರ ಪ್ರತಿಮೆಯನ್ನು ನೋಡಿದವರಿಗೆ ಗೊತ್ತು: ಅವರು ಅಂಗಿಯ ಅಂಚನ್ನು ಸರಿಸಿ ತೊಡೆಯ ಮೇಲಿನ ಪ್ಲೇಗಿನ ಗಾಯವನ್ನು ತೋರಿಸುತ್ತಾ ನಿಂತಿರುತ್ತಾರೆ, ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ರೋಗಿಗಳ ಶುಶ್ರೂಷೆ ಮಾಡಿ ತಾವೇ ರೋಗಕ್ಕೆ ತುತ್ತಾಗಿ ಕಾಡು ಸೇರಿದ ಈ ಸಂತರಿಗೆ ನಾಯಿಯೊಂದು ದಿನವೂ ರೊಟ್ಟಿ ತಂದುಕೊಟ್ಟಿತೆಂಬುದು ಐತಿಹ್ಯ. ಗಾಯವನ್ನು ಮುಚ್ಚಿಕೊಳ್ಳದೆ ತೋರಿಸುವ ಸಂತರನ್ನು ಜನ ಏಕೆ ಪೀಠದ ಮೇಲೆ ಇಟ್ಟರೆಂದು ನಾವು ಹಿಂದೆ ಆಲೋಚಿಸಿದವರಲ್ಲ.

2020ರ ಮಾರ್ಚ್ 27ರ ಸಂಜೆಯನ್ನು ನಮ್ಮ ಓದುಗರಲ್ಲಿ ಅನೇಕರು ಮರೆತಿರಲಾರರು. ಮಳೆಯಲ್ಲಿ ತೊಯ್ದ, ನರಪಿಳ್ಳೆಯೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಒಬ್ಬರೇ ಮೆಟ್ಟಿಲೇರಿ ಬಂದರು. ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಯೇಸುಸ್ವಾಮಿ ನಿದ್ರಿಸುತ್ತಿದ್ದ ಪ್ರಸಂಗವನ್ನು ಓದಿಸಿ, ನಾವೆಲ್ಲರೂ ಒಂದೇ ದೋಣಿಯವರೆಂದು ನೆನಪಿಸಿದರು. ಪರಮಪ್ರಸಾದವನ್ನು ಕೈಯಲ್ಲೆತ್ತಿ ನಗರಕ್ಕೂ ಜಗತ್ತಿಗೂ ಆಶೀರ್ವಾದ ನೀಡಿದರು. ಅಂದು ಅಲ್ಲಿ ಮಳೆಯಲ್ಲಿ ನೆನೆಯುತ್ತಿದ್ದ ಮರದ ಶಿಲುಬೆ ರೋಮಿನ ಸಂತ ಮಾರ್ಚೆಲ್ಲೊ ದೇವಾಲಯದ್ದು. 1519ರಲ್ಲಿ ಆ ದೇವಾಲಯ ಸುಟ್ಟು ಬೂದಿಯಾದಾಗಲೂ ಉಳಿದುಕೊಂಡ ಆ ಶಿಲುಬೆಯನ್ನು 1522ರಲ್ಲಿ ಪ್ಲೇಗು ಹಬ್ಬಿದಾಗ ರೋಮಿನ ಜನ ಬೀದಿಬೀದಿಯಲ್ಲಿ ಮೆರವಣಿಗೆಯಲ್ಲಿ ಹೊತ್ತಿದ್ದರು.

ಅದೇ 1522ರಲ್ಲಿ, ರೋಮಿನಿಂದ ದೂರದ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿ ಬೇರೊಬ್ಬ ಮನುಷ್ಯ ಬೇರೊಂದು ಬಗೆಯ ವ್ಯಾಧಿಯಿಂದ ನರಳುತ್ತಿದ್ದ. ಆತನೇ ಲೊಯೋಲದ ಇಗ್ನೇಷಿಯಸ್. ಆಗಿನ್ನೂ ಸಂತನಲ್ಲ, ಹಿಂದಿನ ವರ್ಷ ಪಾಂಪ್ಲೋನದ ಕೋಟೆಯಲ್ಲಿ ಗುಂಡಿನೇಟಿನಿಂದ ಕಾಲು ಮುರಿದುಕೊಂಡಿದ್ದ ಸಿಪಾಯಿ. ಮೊಂಟ್ಸೆರಾತ್ ಆಶ್ರಮದಲ್ಲಿ ಮೂರು ದಿನ ಕುಳಿತು ತನ್ನ ಪಾಪಗಳನ್ನೆಲ್ಲ ಬರೆದು ನಿವೇದಿಸಿದ್ದರೂ ಆತನಿಗೆ ಸಮಾಧಾನವಿಲ್ಲ. ಯಾವುದೋ ಒಂದನ್ನು ಬಿಟ್ಟೆನೇನೋ, ಸರಿಯಾಗಿ ಹೇಳಲಿಲ್ಲವೇನೋ ಎಂಬ ಸಂಶಯ. ಮತ್ತೆ ಹೋಗಿ ಹೇಳಿದರೂ ಮತ್ತೆ ಅದೇ ಸಂಶಯ. ಸ್ಪಷ್ಟವಾಗಿ ನೆನಪಾದುದನ್ನು ಮಾತ್ರ ಹೇಳು ಎಂದರು ಗುರುಗಳು. ಆತನಿಗೋ ಎಲ್ಲವೂ ಸ್ಪಷ್ಟವಾಗಿಯೇ ನೆನಪಾಗುತ್ತಿತ್ತು. ಉಗುರು ಕತ್ತರಿಸದೆ, ಕೂದಲು ಬಾಚದೆ ದೇಹವನ್ನು ದಂಡಿಸಿದ. ಭಾನುವಾರದಿಂದ ಭಾನುವಾರದವರೆಗೆ ಒಂದು ತುತ್ತೂ ಮುಟ್ಟದೆ ಉಪವಾಸ ಬಿದ್ದ. ಕೋಣೆಯಲ್ಲಿದ್ದ ದೊಡ್ಡ ಕಂಡಿಯಿಂದ ಧುಮುಕಿ ಪ್ರಾಣ ಬಿಡುವ ಯೋಚನೆಯೂ ಆತನನ್ನು ಕಾಡಿತು. ಇದನ್ನೆಲ್ಲ ಮುಚ್ಚಿಡದೆ ಮುಪ್ಪಿನಲ್ಲಿ ತಾವೇ ಹೇಳಿ ಬರೆಸಿದ ಆತ್ಮಕಥನದಲ್ಲಿ ಸಂತ ಇಗ್ನೇಷಿಯಸರು ದಾಖಲಿಸಿದ್ದಾರೆ. ಕೊನೆಗೆ ಒಂದು ದಿನ ಅವರಿಗೆ ತಿಳಿಯಿತು: ತನ್ನನ್ನು ತಾನೇ ಹೀಗೆ ಸಿಗಿದು ನೋಡುವ ಈ ಚಟ ದೇವರಿಂದ ಬಂದದ್ದಲ್ಲ. ಹಳೆಯದನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ಅವರು ನಿಶ್ಚಯಿಸಿದರು. ಆಮೇಲೆ ಉಗುರು ಕತ್ತರಿಸಿಕೊಂಡರು, ಕೂದಲು ಕತ್ತರಿಸಿಕೊಂಡರು. ಈ ಚಿಕ್ಕ ವಿವರ ನಮಗೆ ಬಹಳ ಹಿಡಿಸುತ್ತದೆ. ತನ್ನೊಡನೆ ತಾನು ರಾಜಿಯಾದ ಮನುಷ್ಯ ಮೊದಲು ಮಾಡಿದ ಕೆಲಸಗಳಲ್ಲಿ ಉಗುರು ಕತ್ತರಿಸಿಕೊಂಡದ್ದೂ ಒಂದು.

ಖಾಲಿ ಚೌಕದಲ್ಲಿ ನಿಂತಿದ್ದ ಫ್ರಾನ್ಸಿಸರೂ ಇದೇ ಇಗ್ನೇಷಿಯಸರ ಸಭೆಗೆ ಸೇರಿದವರು. ಅವರು 2025ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮರುದಿನ, ನಮ್ಮನ್ನಗಲಿದರು. 2020ರ ಕೊನೆಯಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಅವರು ತಮ್ಮ ಬಾಳಿನಲ್ಲೂ ಮೂರು ‘ಕೋವಿಡ್’ಗಳು ಬಂದಿದ್ದವೆಂದು ಹೇಳಿಕೊಂಡರು. ಮೊದಲನೆಯದು 1957ರಲ್ಲಿ ಬಂದ ತೀವ್ರ ಕಾಯಿಲೆ. ಆಗ ಅವರ ಬಲ ಶ್ವಾಸಕೋಶದ ಮೇಲ್ಭಾಗವನ್ನೇ ತೆಗೆಯಬೇಕಾಯಿತು. ಉಸಿರಿಗಾಗಿ ಒದ್ದಾಡುವವರ ಸಂಕಟ ತಮಗೆ ಸ್ವಾನುಭವದಿಂದ ಗೊತ್ತು ಎಂದರು. ಎರಡನೆಯದು 1986ರಲ್ಲಿ ಜರ್ಮನಿಯಲ್ಲಿ ಕಳೆದ ಒಂಟಿತನ. ಮೂರನೆಯದೇ ಅರ್ಜೆಂಟೀನದ ಕೊರ್ದೊಬಾ ನಗರದ ವಾಸ. 36ನೇ ವಯಸ್ಸಿಗೇ ಪ್ರಾಂತಾಧಿಕಾರಿಯಾಗಿದ್ದ ಅವರು ದುಡುಕಿನಿಂದ, ಯಾರನ್ನೂ ಕೇಳದೆ ತೀರ್ಮಾನಗಳನ್ನು ಕೈಗೊಳ್ಳುತ್ತಿದ್ದರೆಂದು ಮುಂದೆ ತಾವೇ ಒಪ್ಪಿಕೊಂಡಿದ್ದಾರೆ. ಅದರ ಫಲವಾಗಿ, 1990ರಿಂದ 1992ರವರೆಗೆ ಒಂದು ವರ್ಷ ಹತ್ತು ತಿಂಗಳು ಹದಿಮೂರು ದಿನ ಆ ಊರಿನ ಜೆಸ್ವಿತ್ ನಿವಾಸದಲ್ಲಿ ಮೂಲೆಗುಂಪಾಗಿ ಇರಬೇಕಾಯಿತು. ಬಲಿಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು, ಅಂಚೆ ಕಚೇರಿಗೆ ಹೋಗಿಬರುವುದು. ಮಿಕ್ಕಂತೆ ಹೊರಗೆ ಕಾಲಿಡಲಿಲ್ಲ. ಜಗದ್ಗುರುಗಳ ಚರಿತ್ರೆಯನ್ನು ಹೇಳುವ 37 ಸಂಪುಟಗಳನ್ನು ಕುಳಿತು ಓದಿ ಮುಗಿಸಿದರು.

ನಾವು ಗಮನಿಸಬೇಕಾದುದು ಆ ದಿನಗಳ ಲೆಕ್ಕವನ್ನು. ಸಂತೋಷದ ಕಾಲವನ್ನು ಯಾರೂ ಹದಿಮೂರು ದಿನದವರೆಗೆ ಎಣಿಸಿಡುವುದಿಲ್ಲ. ಮೂವತ್ತು ವರ್ಷಗಳ ನಂತರವೂ, ಜಗತ್ತಿನ ನೂರಾರು ಕೋಟಿ ಜನರ ಗುರುವಾದ ಮೇಲೂ, ಆ ನೋವಿನ ದಿನಗಳ ಸಂಖ್ಯೆ ಅವರ ನೆನಪಿನಲ್ಲಿ ಮಾಸಿರಲಿಲ್ಲ. ಆದರೂ ಅವರು ಅದನ್ನು ತಮಗಾದ ಅನ್ಯಾಯವೆಂದು ದೂರಲಿಲ್ಲ. ತನ್ನದು ಏನೂ ತಪ್ಪಿರಲಿಲ್ಲವೆಂದು ಸಾಧಿಸಲೂ ಇಲ್ಲ. ತನ್ನ ತಪ್ಪು ಇತ್ತು, ಶಿಕ್ಷೆಯೂ ಆಯಿತು, ಅದು ನನಗೆ ಒಳ್ಳೆಯದನ್ನೇ ಮಾಡಿತು ಎಂಬರ್ಥದ ಮಾತುಗಳನ್ನಾಡಿದರು. ತನ್ನನ್ನು ತಾನು ಒಪ್ಪಿಕೊಳ್ಳುವುದೆಂದರೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದೆಂದು ಇಂದಿನ ಕಾಲ ತಿಳಿದಂತಿದೆ. ಆ ಬಗೆಯ ಸಲಹೆಗಳು ನಮ್ಮ ಮಕ್ಕಳ ಮೊಬೈಲುಗಳಿಗೆ ಬೆಳಗಾದರೆ ಬಂದು ಬೀಳುತ್ತವೆ. ನಮಗೆ ಅವುಗಳಲ್ಲಿ ಅಷ್ಟಾಗಿ ನಂಬಿಕೆಯಿಲ್ಲ.

ಅದೇ ವರ್ಷದ ಡಿಸೆಂಬರ್ 8ರಂದು ಫ್ರಾನ್ಸಿಸರು ಸಂತ ಜೋಸೆಫರ ವರ್ಷವನ್ನು ಸಾರಿ ‘ಪಾತ್ರಿಸ್ ಕೋರ್ದೆ’ ಎಂಬ ಪತ್ರ ಬರೆದರು. ಜೋಸೆಫರು ಸಾರ್ವತ್ರಿಕ ಧರ್ಮಸಭೆಯ ಪಾಲಕರೆಂದು ಘೋಷಿತರಾಗಿ ಅಂದಿಗೆ 150 ವರ್ಷ. ಶುಭಸಂದೇಶಗಳಲ್ಲಿ ಒಂದೇ ಒಂದು ಮಾತನ್ನೂ ಆಡದ, ತಾನು ಎಣಿಸಿದ್ದು ಒಂದು ಆದದ್ದು ಇನ್ನೊಂದು ಎಂಬಂಥ ಬಾಳನ್ನು ಸ್ವೀಕರಿಸಿದ ಆ ಬಡಗಿಯ ನೆಪದಲ್ಲಿ, ನಮ್ಮ ಸ್ವಂತ ಬಾಳಿನ ಕಥೆಯೊಡನೆ ರಾಜಿಯಾಗದೆ ನಾವು ಮುಂದಿನ ಹೆಜ್ಜೆ ಇಡಲಾರೆವು ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಹೇಳಿದ್ದಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಆ ವರ್ಷ ಜೋಸೆಫರ ಪ್ರಾರ್ಥನೆಯ ಚೀಟಿಗಳು ಸಾವಿರಗಟ್ಟಲೆ ಹಂಚಲ್ಪಟ್ಟವು. ಪತ್ರವನ್ನು ಓದಿದವರು ಕಡಿಮೆ.

ಇಷ್ಟೆಲ್ಲ ಹೇಳಲು ನಮಗೆ ಕಾರಣವಾದವರು ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ. ಹೆಸರು ಬೇಡ, ಸಂಗತಿ ಬರೆಯಿರಿ, ನನ್ನಂಥವರು ಇನ್ನೂ ಇದ್ದಾರೆ ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ.

2021ರ ಏಪ್ರಿಲ್ ಕೊನೆಯಲ್ಲಿ, ಎರಡನೆಯ ಅಲೆ ಏರುತ್ತಿದ್ದಾಗ, ಆಕೆ ಬಂಧುಗಳ ಮನೆಯ ನಿಶ್ಚಿತಾರ್ಥಕ್ಕೆ ಹೋಗಿ ಬಂದರು. ಮೂರನೆಯ ದಿನ ಮೈ ಬೆಚ್ಚಗಾಯಿತು. ಬಿಸಿಲಿನ ಜ್ವರವೆಂದುಕೊಂಡು ಯಾರಿಗೂ ಹೇಳದೆ ಎರಡು ದಿನ ಎಂದಿನಂತೆ ಅಡುಗೆ ಮಾಡಿ ಬಡಿಸಿದರು. ಆಕೆಯ ಜ್ವರ ಇಳಿಯಿತು; ಗಂಡನಿಗೆ ಏರಿತು. ಹಾಸಿಗೆಗಾಗಿ ಒಂದು ಹಗಲು ಒಂದು ರಾತ್ರಿ ಊರೆಲ್ಲ ಅಲೆದು ಕೊನೆಗೆ ಒಂದು ಆಸ್ಪತ್ರೆಯಲ್ಲಿ ಜಾಗ ದೊರೆಯಿತು. ಒಂಬತ್ತನೆಯ ದಿನ ಅವರು ತೀರಿಕೊಂಡರು. ಗುರುಗಳನ್ನು ಒಳಗೆ ಬಿಡಲಿಲ್ಲ. ಅಭ್ಯಂಗವಿಲ್ಲ, ಕೊನೆಯ ಪರಮಪ್ರಸಾದವಿಲ್ಲ. ಸಮಾಧಿಯ ಬಳಿ ಬಿಳಿಯ ರಕ್ಷಾಕವಚ ತೊಟ್ಟ ನಾಲ್ವರು ಯುವಕರು ಪೆಟ್ಟಿಗೆಯನ್ನಿಳಿಸಿದರು. ದೂರದಲ್ಲಿ ನಿಂತ ಆಕೆಗೆ ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ. ಮೂವತ್ತೆಂಟು ವರ್ಷದ ಸಂಸಾರ ಹತ್ತು ನಿಮಿಷದಲ್ಲಿ ಮುಗಿಯಿತು ಎಂದು ಆಕೆ ಹೇಳುವಾಗ ದನಿಯಲ್ಲಿ ಅಳುವಿರಲಿಲ್ಲ. ಅದೇ ನಮ್ಮನ್ನು ಹೆದರಿಸಿತು.

ದೇವಾಲಯಗಳು ಮತ್ತೆ ತೆರೆದ ಮೇಲೆ ಆಕೆ ಬರತೊಡಗಿದರು, ಆದರೆ ಕಟ್ಟಕಡೆಯ ಬೆಂಚಿಗೆ. ಪರಮಪ್ರಸಾದಕ್ಕೆ ಏಳುತ್ತಿರಲಿಲ್ಲ. ನಾನೇ ಕೊಂದೆ, ನನ್ನ ಕೈಯಡುಗೆಯಲ್ಲೇ ಕೊಂದೆ ಎಂಬ ಒಂದೇ ಮಾತು ಆಕೆಯೊಳಗೆ ಗಾಣದಂತೆ ತಿರುಗುತ್ತಿತ್ತು. ಅದನ್ನು ಪಾಪನಿವೇದನೆಯಲ್ಲಿ ಹೇಳಿದರು. ಸಮಾಧಾನವಾಗಲಿಲ್ಲ. ಪಕ್ಕದ ಧರ್ಮಕೇಂದ್ರಕ್ಕೆ ಹೋಗಿ ಹೇಳಿದರು. ಯಾತ್ರಾಸ್ಥಳವೊಂದಕ್ಕೆ ಹೋಗಿ ಅಲ್ಲೂ ಹೇಳಿದರು. ಮನ್ರೇಸಾದ ಸಿಪಾಯಿಯ ಕಥೆ ಆಕೆಗೆ ಗೊತ್ತಿರಲಿಲ್ಲ.

ನಾಲ್ಕನೆಯ ಸಲ ಆಕೆಗೆ ದೊರೆತವರು ವಯಸ್ಸಾದ ಗುರುಗಳೊಬ್ಬರು. ಎಲ್ಲವನ್ನೂ ಕೇಳಿಸಿಕೊಂಡು, “ಅಮ್ಮಾ, ಇದನ್ನು ಈ ಮೊದಲು ಎಷ್ಟು ಸಲ ಹೇಳಿದ್ದೀರಿ?” ಎಂದರು.

“ಮೂರು ಸಲ ಸ್ವಾಮಿ.”

“ನಿಮ್ಮ ಮನೆಯವರು ಸಾಯಲಿ ಎಂದು ಬಯಸಿದ್ದಿರಾ?”

“ಅಯ್ಯೋ, ಇಲ್ಲ ಸ್ವಾಮಿ.”

“ಹಾಗಾದರೆ ಇದು ಪಾಪವಲ್ಲ ಅಮ್ಮಾ, ದುಃಖ. ಪಾಪಕ್ಕೆ ವಿಮೋಚನೆ ಕೊಡುವ ಅಧಿಕಾರ ನನಗಿದೆ. ದುಃಖಕ್ಕೆ ಕೊಡಲು ನನ್ನ ಬಳಿ ಏನೂ ಇಲ್ಲ. ಅದನ್ನು ಹೊತ್ತುಕೊಂಡೇ ಪರಮಪ್ರಸಾದಕ್ಕೆ ಬನ್ನಿ. ಇದನ್ನು ಮಾತ್ರ ಇನ್ನು ಯಾರ ಹತ್ತಿರವೂ ನಿವೇದಿಸಬೇಡಿ.”

ಆಕೆ ಆಗ ತಮ್ಮ ಇನ್ನೊಂದು ಮುಳ್ಳನ್ನೂ ಹೊರತೆಗೆದರು: ಅಭ್ಯಂಗವಿಲ್ಲದೆ ಹೋದರಲ್ಲ, ಅವರ ಗತಿ ಏನು? ಗುರುಗಳು ಇದಕ್ಕೆ ಕೊಟ್ಟ ಉತ್ತರವನ್ನು ನಮ್ಮ ಕುಟುಂಬಗಳೆಲ್ಲ ತಿಳಿದಿರಬೇಕು. ಏಕೆಂದರೆ ಆಗ ಇದು ಪತ್ರಿಕೆಗಳ ಒಳಪುಟಗಳಲ್ಲಿ ಮುಳುಗಿಹೋಯಿತು. 2020ರ ಮಾರ್ಚ್ 20ರಂದೇ ರೋಮಿನ ಅಪೊಸ್ತೊಲಿಕ್ ಪೆನಿಟೆನ್ಷಿಯರಿ ಎಂಬ ನ್ಯಾಯಪೀಠ ಒಂದು ಆಜ್ಞೆ ಹೊರಡಿಸಿತ್ತು. ರೋಗಪೀಡಿತರಿಗೆ, ಅವರ ಸೇವೆ ಮಾಡುವ ವೈದ್ಯ ದಾದಿಯರಿಗೆ, ಮನೆಯವರಿಗೆ, ಅವರಿಗಾಗಿ ಪ್ರಾರ್ಥಿಸುವವರಿಗೆ ಪೂರ್ಣ ದಂಡವಿಮೋಚನೆಯನ್ನು ಅದು ನೀಡಿತು. ಅಭ್ಯಂಗವನ್ನೂ ಕೊನೆಯ ಪರಮಪ್ರಸಾದವನ್ನೂ ಪಡೆಯಲಾಗದೆ ಸಾಯುವವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ, ಅವರನ್ನು ದೇವರ ಕರುಣೆಗೆ ಒಪ್ಪಿಸುತ್ತದೆ ಎಂದು ಹೇಳಿತು. ಸಿದ್ಧಮನಸ್ಸಿನವರಾಗಿ, ಬಾಳಿನಲ್ಲಿ ಪ್ರಾರ್ಥನೆಯ ರೂಢಿಯಿದ್ದವರಿಗೆ ಮರಣದ ಗಳಿಗೆಯಲ್ಲಿ ಪೂರ್ಣ ದಂಡವಿಮೋಚನೆ ದೊರೆಯುವಂತೆ ಮಾಡಿತು. “ನಿಮ್ಮ ಮನೆಯವರು ಪ್ರಾರ್ಥನೆ ಮಾಡುತ್ತಿದ್ದರೇ?” ಎಂದು ಗುರುಗಳು ಕೇಳಿದರು. ರಾತ್ರಿ ಜಪಸರದ ಮೂರನೆಯ ರಹಸ್ಯಕ್ಕೆ ತೂಕಡಿಸುತ್ತಿದ್ದರು, ಆದರೂ ಒಂದು ದಿನ ತಪ್ಪಿಸಿದವರಲ್ಲ ಎಂದರು ಆಕೆ. ಹಾಗೆ ಹೇಳುವಾಗ ಎಷ್ಟೋ ತಿಂಗಳ ಮೇಲೆ ನಕ್ಕೆ ಎಂದು ನಮ್ಮೊಡನೆ ಹೇಳಿಕೊಂಡರು. ನಗುವಿನ ಹಿಂದೆಯೇ ಅಳುವೂ ಬಂದಿತಂತೆ.

ಮರುದಿನವೇ ಆಕೆಗೆ ಶಾಂತಿ ದೊರೆಯಿತೆಂದು ನಾವು ಬರೆದರೆ ಅದು ಸುಳ್ಳಾಗುತ್ತದೆ. ಎರಡು ವರ್ಷ ಹಿಡಿಯಿತು. ನಿದ್ರೆ ಬಾರದ್ದಕ್ಕೆ ವೈದ್ಯರನ್ನು ಕಂಡು ಮಾತ್ರೆಯನ್ನೂ ತೆಗೆದುಕೊಂಡರು. ಅದನ್ನು ವಿಶ್ವಾಸದ ಕೊರತೆಯೆಂದು ಚುಚ್ಚಿದ ನೆಂಟರೂ ಇದ್ದರು. ಅಂಥ ನೆಂಟರಿಗೆ ನಾವು ಎಲೀಯ ಪ್ರವಾದಿಯ ಕಥೆಯನ್ನು ನೆನಪಿಸಬಯಸುತ್ತೇವೆ. ಸಾಕು, ಸಾಯಿಸಿಬಿಡು ಎಂದು ಕಾಡಿನ ಗಿಡವೊಂದರ ಕೆಳಗೆ ಬಿದ್ದುಕೊಂಡ ಆ ಮಹಾಪ್ರವಾದಿಯನ್ನು ದೇವದೂತನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ತಿನ್ನಿಸಿ ನೀರು ಕುಡಿಸಿದ. ಮತ್ತೆ ಮಲಗಲು ಬಿಟ್ಟ. ಹೋರೇಬ್ ಬೆಟ್ಟದ ಮಾತುಕತೆಯೆಲ್ಲ ಆಮೇಲಿನದು. ನೆರೆಯವರನ್ನು ಪ್ರೀತಿಸಲು ಯೇಸುಸ್ವಾಮಿ ನಮಗೆ ಕೊಟ್ಟ ಅಳತೆಗೋಲು ನಮ್ಮನ್ನು ನಾವು ಪ್ರೀತಿಸುವ ಬಗೆಯೇ ಆಗಿದೆ. ಆ ಅಳತೆಗೋಲೇ ಮುರಿದಿದ್ದರೆ ನೆರೆಯವರಿಗೂ ಅಳತೆ ಕಡಿಮೆಯೇ ಬೀಳುತ್ತದೆ. ಆ ತಾಯಿ ಆ ದಿನಗಳಲ್ಲಿ ಸೊಸೆಯೊಂದಿಗೂ ಮೊಮ್ಮಕ್ಕಳೊಂದಿಗೂ ಸಿಡುಕುತ್ತಿದ್ದುದನ್ನು ಈಗ ತಾವೇ ನಾಚಿಕೊಂಡು ಹೇಳುತ್ತಾರೆ.

ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2023ರ ಮೇ 5ರಂದು. ನಮ್ಮ ಮನೆಗಳೊಳಗಿನ ತುರ್ತುಸ್ಥಿತಿಗಳಿಗೆ ಅಂಥ ಕೊನೆಯ ದಿನಾಂಕವನ್ನು ಯಾರೂ ಘೋಷಿಸಲಿಲ್ಲ. ಒಬ್ಬ ರೋಗಿಗೆ ಆಮ್ಲಜನಕ ಹಚ್ಚಿ ಇನ್ನೊಬ್ಬರ ಬಳಿಗೆ ಓಡುವಷ್ಟರಲ್ಲಿ ತಡವಾದ ದಾದಿಯರು, ಗಡಿ ದಾಟಲಾಗದೆ ತಾಯಿಯ ಮಣ್ಣಿಗೆ ಬಾರದ ಕೊಲ್ಲಿಯ ಮಕ್ಕಳು, ಅಣ್ಣನ ಫೋನು ಬಂದಾಗ ಸೋಂಕಿನ ಭಯದಿಂದ ಎತ್ತದೆ ಉಳಿದ ತಮ್ಮಂದಿರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಕೆಲವರದು ನಿಜವಾಗಿಯೂ ತಪ್ಪೇ. ಅವರಿಗೆ ಪಾಪನಿವೇದನೆಯ ಬಾಗಿಲು ತೆರೆದಿದೆ, ಒಂದು ಸಲ ಸಾಕು. ಹೆಚ್ಚಿನವರದು ತಪ್ಪಲ್ಲ. ಆದರೆ ಎರಡಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡುವ ಒಬ್ಬ ಮನುಷ್ಯ ಬೇಕು. ಧರ್ಮಕೇಂದ್ರದ ಪಾಲನಾ ಸಮಿತಿಗಳು ಹಬ್ಬದ ಪೆಂಡಾಲಿನ ಚರ್ಚೆಯ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು, 2020 ಮತ್ತು 2021ರ ಮರಣದ ದಾಖಲೆಯ ಪುಸ್ತಕವನ್ನೊಮ್ಮೆ ತೆರೆದು, ಆ ಮನೆಗಳಿಗೆ ಈಗಲಾದರೂ ಹೋಗಿಬರಬಾರದೇಕೆ? ತಡವಾಯಿತು, ನಿಜ. ತೋಮನ ಬಳಿಗೂ ಯೇಸುಸ್ವಾಮಿ ಎಂಟು ದಿನ ತಡವಾಗಿಯೇ ಬಂದರು. ಆಗಲೂ ಬಾಗಿಲುಗಳು ಮುಚ್ಚಿದ್ದವು. ಗಾಯಗಳೂ ಹಾಗೆಯೇ ಇದ್ದವು.

ಕಳೆದ ನವೆಂಬರ್ 2ರಂದು, ಸಕಲ ಮೃತರ ದಿನ, ಆ ತಾಯಿಯನ್ನು ಸಮಾಧಿಭೂಮಿಯಲ್ಲಿ ಕಂಡೆವು. ಸೆರಗು ಸಿಕ್ಕಿಸಿಕೊಂಡು ಕಲ್ಲನ್ನು ಉಜ್ಜಿ ತೊಳೆದು, ಸೇವಂತಿಗೆ ಹರಡಿ, ಗಾಳಿಗೆ ಆರದಂತೆ ಮೇಣದ ಬತ್ತಿಯ ಸುತ್ತ ಇಟ್ಟಿಗೆಯ ಚೂರುಗಳನ್ನು ಜೋಡಿಸುತ್ತಿದ್ದರು. ಹೇಗಿದ್ದೀರಿ ಎಂದು ಕೇಳಿದೆವು. “ಜ್ವರ ಬಂದದ್ದು, ಬಡಿಸಿದ್ದು, ಎಲ್ಲ ನೆನಪಾಗುತ್ತದೆ. ಆದರೆ ಈಗ ಅದು ಬಂದರೆ ಬಾ, ಕೂತುಕೋ ಅನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಅದೇ ಎದ್ದು ಹೋಗುತ್ತದೆ” ಎಂದರು. ಗುರುಗಳು ತೀರ್ಥ ಚಿಮುಕಿಸುತ್ತ ಆ ಸಾಲಿಗೆ ಬಂದಾಗ ಮೊಮ್ಮಗನನ್ನು ಎಳೆದು ಮುಂದೆ ನಿಲ್ಲಿಸಿ, ಚಪ್ಪಲಿ ಬಿಡು ಎಂದು ಗದರಿದರು. ಮುಂದಿನ ಭಾನುವಾರ ನೋಡಿದೆವು: ಹೆಂಗಸರ ಸಾಲಿನಲ್ಲಿ ಮುಂದಿನಿಂದ ಮೂರನೆಯದು, ಹಿಂದೆಲ್ಲ ಅವರು ಕುಳಿತುಕೊಳ್ಳುತ್ತಿದ್ದ ಅದೇ ಬೆಂಚು.